ಡೌನ್ ಹೌಸಿನ ಮರಳುಹಾದಿ

ಲಂಡನ್ನಿನ ನಡುಭಾಗದಿಂದ ಆಗ್ನೇಯಕ್ಕೆ ಸುಮಾರು 14 ಮೈಲಿ ದೂರದಲ್ಲಿ, ಸೀಮೆಸುಣ್ಣದ ಕಲ್ಲಿನ ದಿಬ್ಬಗಳ ಮೇಲೆ, ಡೌನ್ ಎಂಬ ಪುಟ್ಟ ಹಳ್ಳಿಯೊಂದಿದೆ. ಮಹಾನಗರವು ಬೆಳೆಬೆಳೆಯುತ್ತ ಬಂದು ಆಡಳಿತದ ಲೆಕ್ಕದಲ್ಲಿ ಅದನ್ನು ತನ್ನ ಮಡಿಲಿಗೆ ಸೇರಿಸಿಕೊಂಡಿದೆ. ಆದರೂ ಹಳ್ಳಿಯು ತನ್ನ ಹಳ್ಳಿತನವನ್ನು ಬಿಟ್ಟುಕೊಟ್ಟಿಲ್ಲ. ಬ್ರಾಮ್ಲಿಯವರೆಗೆ ರೈಲಿನಲ್ಲಿ ಬಂದು ಅಲ್ಲಿ ಬಸ್ಸು ಹತ್ತಿದರೆ, ಸ್ವಲ್ಪ ಹೊತ್ತಿನಲ್ಲಿಯೇ ಅಂಗಡಿಬೀದಿಗಳು ಹಿಂದೆ ಸರಿಯುತ್ತವೆ. ಎರಡು ಪಕ್ಕದಲ್ಲಿಯೂ ಬೇಲಿಗಿಡಗಳು ಒತ್ತಿಕೊಂಡು ಬಂದ ಇಕ್ಕಟ್ಟಾದ ದಾರಿ, ಅದರಾಚೆಗೆ ಹಸಿರು ಹೊಲ, ಕೊನೆಗೆ ಚಕಮಕಿ ಕಲ್ಲಿನ ಗೋಡೆಗಳ ಒಂದು ಹಳೆಯ ಇಗರ್ಜಿ. ಆ ಇಗರ್ಜಿಯ ಗೋಪುರದ ಮೇಲೆ ಒಂದು ನೆರಳು ಗಡಿಯಾರವನ್ನು ಕೂರಿಸಿದ್ದಾರೆ. ಅದು ಚಾರ್ಲ್ಸ್ ಡಾರ್ವಿನ್ನನ ಸ್ಮರಣಾರ್ಥವಾಗಿ ಇರಿಸಿದ್ದು.

ಇದನ್ನು ಓದಿದ ಪ್ರವಾಸಿಗನು ಒಂದು ಕ್ಷಣ ನಿಲ್ಲುತ್ತಾನೆ. ಏಕೆಂದರೆ ಭಾನುವಾರ ಬೆಳಿಗ್ಗೆ ಹೆಂಡತಿ ಮಕ್ಕಳನ್ನು ಈ ಇಗರ್ಜಿಯೊಳಗೆ ಕಳುಹಿಸಿ, ತಾನು ಮಾತ್ರ ಊರ ದಾರಿಯಲ್ಲಿ ನಡೆದಾಡುತ್ತಿದ್ದ ಮನುಷ್ಯ ಆತ. ಪ್ರಾರ್ಥನೆಗೆ ಬಾರದವನ ನೆನಪನ್ನು ಪ್ರಾರ್ಥನಾಮಂದಿರವೇ ತನ್ನ ಹಣೆಯ ಮೇಲೆ ಧರಿಸಿರುವುದೇಕೆ? ಈ ಪ್ರಶ್ನೆಗೆ ಉತ್ತರವು ಇಲ್ಲಿಂದ ಹತ್ತು ನಿಮಿಷದ ನಡಿಗೆಯಷ್ಟು ದೂರದಲ್ಲಿರುವ ಒಂದು ಬಿಳಿಯ ಮನೆಯಲ್ಲಿದೆ.

ಆ ಮನೆಯೇ ಡೌನ್ ಹೌಸ್. 1842ರ ಸೆಪ್ಟೆಂಬರಿನಲ್ಲಿ ಡಾರ್ವಿನ್ ದಂಪತಿಗಳು ಎರಡು ಎಳೆಯ ಮಕ್ಕಳೊಡನೆ ಲಂಡನ್ನಿನ ಹೊಗೆಯನ್ನು ತೊರೆದು ಇಲ್ಲಿಗೆ ಬಂದರು. ಅಲ್ಲಿಂದ 1882ರ ಏಪ್ರಿಲ್ 19ರಂದು ಕಣ್ಣು ಮುಚ್ಚುವವರೆಗೆ, ನಲವತ್ತು ವರ್ಷಕಾಲ, ಡಾರ್ವಿನ್ ಇಲ್ಲಿಯೇ ಬಾಳಿದ. ಜಾರ್ಜ್ ಬಕ್‌ಸ್ಟನ್ ಬ್ರೌನ್ ಎಂಬ ಶಸ್ತ್ರವೈದ್ಯರು 1927ರಲ್ಲಿ ಈ ಮನೆಯನ್ನು ಕೊಂಡು ಸಾರ್ವಜನಿಕರಿಗಾಗಿ ಉಳಿಸಿದರು. 1929ರಲ್ಲಿ ಅದು ವಸ್ತುಸಂಗ್ರಹಾಲಯವಾಗಿ ತೆರೆಯಿತು. 1996ರಿಂದ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯು ಇದನ್ನು ನೋಡಿಕೊಳ್ಳುತ್ತಿದೆ.

ಮನೆಯೊಳಗೆ ಕಾಲಿಟ್ಟವರಿಗೆ ಮೊದಲು ತೋರುವುದು ಪಾಂಡಿತ್ಯವಲ್ಲ, ಸಂಸಾರ. ಅಧ್ಯಯನದ ಕೋಣೆಯಲ್ಲಿ ಕಾಲುಗಳಿಗೆ ಗಾಲಿ ಹಾಕಿಸಿದ ಕುರ್ಚಿಯಿದೆ. ಅದರ ಎರಡು ಕೈಗಳ ಮೇಲೆ ಒಂದು ಹಲಗೆಯನ್ನು ಅಡ್ಡಲಾಗಿಟ್ಟುಕೊಂಡು ಡಾರ್ವಿನ್ ಬರೆಯುತ್ತಿದ್ದ. ‘ಜೀವಜಾತಿಗಳ ಉಗಮ’ವು ರೂಪುಗೊಂಡದ್ದು ಹಾಗೆ. ದಿವಾನಖಾನೆಯಲ್ಲಿ ಅವನ ಹೆಂಡತಿ ಎಮ್ಮಳ ಪಿಯಾನೊ. ಎರೆಹುಳುಗಳಿಗೆ ಕಿವಿ ಕೇಳುವುದೇ ಎಂದು ತಿಳಿಯುವ ಸಲುವಾಗಿ ಮಡಕೆಗಳಲ್ಲಿ ಹುಳುಗಳನ್ನಿರಿಸಿಕೊಂಡು ಮುದಿ ವಿಜ್ಞಾನಿ ಪರೀಕ್ಷಿಸುತ್ತಿದ್ದಾಗ, ಹೆಂಡತಿ ಪಿಯಾನೊ ನುಡಿಸಿದಳು, ಮಗ ಬಸೂನು ಊದಿದ. ಹುಳುಗಳು ಯಾವುದಕ್ಕೂ ಕಿವಿಗೊಡಲಿಲ್ಲ. ಪ್ರತಿರಾತ್ರಿ ಗಂಡಹೆಂಡಿರು ಪಗಡೆಯನ್ನು ಹೋಲುವ ಬ್ಯಾಕ್‌ಗ್ಯಾಮನ್ ಆಟವನ್ನು ಎರಡು ಬಾರಿ ಆಡುತ್ತಿದ್ದರು. ಡಾರ್ವಿನ್ ಸೋಲುಗೆಲುವುಗಳ ಲೆಕ್ಕವಿಡುತ್ತಿದ್ದ. 1876ರ ಹೊತ್ತಿಗೆ ತಾನು 2795 ಆಟಗಳನ್ನೂ ಎಮ್ಮ ಕೇವಲ 2490 ಆಟಗಳನ್ನೂ ಗೆದ್ದಿರುವುದಾಗಿ ಅಮೆರಿಕದ ಗೆಳೆಯನೊಬ್ಬನಿಗೆ ಹಿಗ್ಗಿನಿಂದ ಕಾಗದ ಬರೆದ.

ಹೀಗೆ ಒಂದೇ ಮೇಜಿನ ಎರಡು ಬದಿಯಲ್ಲಿ ಕುಳಿತ ಈ ಇಬ್ಬರ ನಡುವೆ ಒಂದು ದೊಡ್ಡ ವಿಷಯದಲ್ಲಿ ಮಾತ್ರ ಒಮ್ಮತವಿರಲಿಲ್ಲ. ಎಮ್ಮಳಿಗೆ ದೇವರಲ್ಲಿಯೂ ಪರಲೋಕದಲ್ಲಿಯೂ ನಂಬಿಕೆಯಿತ್ತು. ಚಾರ್ಲ್ಸನಿಗೆ ಅದು ಕ್ರಮೇಣ ಇಲ್ಲವಾಯಿತು.

ಮೊದಲಿಗೆ ಹಾಗಿರಲಿಲ್ಲವೆಂಬುದನ್ನು ನೆನೆಯಬೇಕು. ಕೇಂಬ್ರಿಜ್ಜಿನಲ್ಲಿ ಅವನು ಓದಿದ್ದೇ ಪಾದ್ರಿಯಾಗುವ ಉದ್ದೇಶದಿಂದ. 1831ರಲ್ಲಿ ಬೀಗಲ್ ಹಡಗನ್ನು ಹತ್ತಿದಾಗ ಅವನು ಎಷ್ಟು ಆಸ್ತಿಕನಾಗಿದ್ದನೆಂದರೆ, ನೀತಿಯ ಮಾತಿಗೆ ಬೈಬಲ್ಲನ್ನು ಪ್ರಮಾಣವಾಗಿ ಎತ್ತಿ ಹೇಳಿ ಹಡಗಿನ ಅಧಿಕಾರಿಗಳ ನಗೆಗೆ ಗುರಿಯಾಗಿದ್ದ. ಬ್ರೆಜಿಲಿನ ಕಾಡಿನ ನಡುವೆ ನಿಂತಾಗ ಅವನ ಮನಸ್ಸು ಭಕ್ತಿಯಿಂದ ಉಕ್ಕಿತ್ತು. ಐದು ವರ್ಷಗಳ ಬಳಿಕ ಊರಿಗೆ ಮರಳಿದವನ ತಲೆಯಲ್ಲಿ ಸಂಶಯಗಳು ಮೊಳೆತಿದ್ದವು.

ಎಮ್ಮ ಅವನ ಸೋದರಮಾವನ ಮಗಳು. ಈ ಸಂಬಂಧ ಕನ್ನಡಿಗರಿಗೆ ಹೊಸತೇನೂ ಅಲ್ಲ. ಮದುವೆಗೆ ಮೊದಲು ಚಾರ್ಲ್ಸನ ತಂದೆ ರಾಬರ್ಟ್ ಡಾರ್ವಿನ್, ಸಂಶಯಗಳೇನಿದ್ದರೂ ಹೆಂಡತಿಯಿಂದ ಮುಚ್ಚಿಡು ಎಂದು ಬುದ್ಧಿ ಹೇಳಿದರು. ವೈದ್ಯರಾಗಿದ್ದ ಅವರು, ಗಂಡ ಕಾಯಿಲೆ ಬಿದ್ದಾಗ ಅವನ ಸದ್ಗತಿಯನ್ನು ನೆನೆದು ಕೊರಗಿದ ಹೆಂಗಸರನ್ನು ಕಂಡಿದ್ದರು. ಮಗ ಆ ಮಾತನ್ನು ಕೇಳಲಿಲ್ಲ. ಎಲ್ಲವನ್ನೂ ಎಮ್ಮಳಿಗೆ ಹೇಳಿಬಿಟ್ಟ. 1839ರ ಜನವರಿ 29ರಂದು ಮದುವೆಯಾಯಿತು. ಅದಾದ ಸ್ವಲ್ಪ ಕಾಲಕ್ಕೆ ಎಮ್ಮ ಗಂಡನಿಗೊಂದು ಪತ್ರ ಬರೆದಳು. ಮನಸ್ಸಿಟ್ಟು ಸತ್ಯವನ್ನು ಅರಸುವವನು ತಪ್ಪಿತಸ್ಥನಾಗಲಾರನೆಂದು ಅವಳು ಒಪ್ಪಿದ್ದಳು. ಆದರೆ ಪ್ರಮಾಣವಿಲ್ಲದೆ ಏನನ್ನೂ ನಂಬದಿರುವ ವಿಜ್ಞಾನದ ಅಭ್ಯಾಸವನ್ನು, ಪ್ರಮಾಣಕ್ಕೆ ನಿಲುಕದ ವಿಷಯಗಳಿಗೂ ಅನ್ವಯಿಸಬಹುದೇ ಎಂದು ಕೇಳಿದ್ದಳು. ತಾವಿಬ್ಬರೂ ಎಂದೆಂದಿಗೂ ಒಬ್ಬರಿಗೊಬ್ಬರು ಸೇರಿದವರಲ್ಲವೆಂಬ ಯೋಚನೆಯೇ ತನಗೆ ದುಃಸಹವೆಂದು ಅದರಲ್ಲಿ ತೋಡಿಕೊಂಡಿದ್ದಳು. 1832ರಲ್ಲಿ ತೀರಿಕೊಂಡ ಅಕ್ಕ ಫ್ಯಾನಿಯನ್ನು ಮತ್ತೆ ಕಾಣುವ ಆಸೆಯೇ ಅವಳ ನಂಬಿಕೆಗೆ ಆಸರೆಯಾಗಿತ್ತು. ಡಾರ್ವಿನ್ ಆ ಪತ್ರವನ್ನು ಕೊನೆಯವರೆಗೂ ಕಾಪಾಡಿಕೊಂಡ. ತಾನು ಸತ್ತ ಬಳಿಕ ಅವಳಿಗೆ ತಿಳಿಯಲೆಂದು ಅದರ ಅಂಚಿನಲ್ಲಿ ಒಂದು ಮಾತು ಬರೆದಿಟ್ಟ: ಈ ಕಾಗದವನ್ನು ತಾನು ಎಷ್ಟೋ ಬಾರಿ ಮುತ್ತಿಟ್ಟು ಅತ್ತಿರುವೆನೆಂದು.

ಮನೆಯ ಹಿಂದಿನ ತೋಟವನ್ನೂ ಗಾಜಿನ ಸಸ್ಯಾಗಾರವನ್ನೂ ದಾಟಿ ಹೋದರೆ ಮರಳುಹಾದಿ ಸಿಗುತ್ತದೆ. ನೆರೆಯ ಜಮೀನುದಾರನಿಂದ 1846ರಲ್ಲಿ ಗುತ್ತಿಗೆಗೆ ಪಡೆದ ಒಂದೂವರೆ ಎಕರೆ ನೆಲದಲ್ಲಿ ಡಾರ್ವಿನ್ ಹೇಜಲ್, ಹಾರ್ನ್‌ಬೀಮ್, ಲೈಮ್ ಮೊದಲಾದ ಮರಗಳನ್ನು ನೆಡಿಸಿ, ಸುತ್ತ ಮರಳು ಹಾಸಿದ ಕಾಲುದಾರಿಯನ್ನು ಮಾಡಿಸಿದ. ದಿನವೂ ನಡೆಯುವಾಗ ಎಷ್ಟು ಸುತ್ತಾಯಿತೆಂಬ ಲೆಕ್ಕಕ್ಕೆ ದಾರಿಯ ಪಕ್ಕ ಚಕಮಕಿ ಕಲ್ಲುಗಳನ್ನು ಗುಡ್ಡೆಹಾಕಿಕೊಂಡು, ಸುತ್ತಿಗೊಂದರಂತೆ ಕಾಲಿನಿಂದ ತಳ್ಳುತ್ತಿದ್ದ. ಅವನ ಎಷ್ಟೋ ಚಿಂತನೆಗಳು ನಡೆದದ್ದು ಈ ಹಾದಿಯಲ್ಲಿಯೇ. ಒಂದು ಬದಿ ಬಿಸಿಲು ಬಿದ್ದ ಹೊಲದ ಅಂಚು. ಇನ್ನೊಂದು ಬದಿ ಮರಗಳ ನೆರಳು.

ಈ ಹಾದಿಯಲ್ಲಿ ಅವನ ಮುಂದೆ ಮುಂದೆ ಗಿರ್ರನೆ ತಿರುಗಿ ಕುಣಿಯುತ್ತ ಓಡುತ್ತಿದ್ದವಳು ಆ್ಯನಿ, ಹಿರಿಯ ಮಗಳು. ಹುಟ್ಟಿದ್ದು 1841ರ ಮಾರ್ಚ್ 2ರಂದು. ತಂದೆಗೆ ಕದ್ದು ಒಂದು ಚಿಟಿಕೆ ನಸ್ಯ ತಂದುಕೊಟ್ಟು, ಅವನ ಸಂತೋಷವನ್ನು ಕಂಡು ತಾನು ಸಂತೋಷಪಡುತ್ತಿದ್ದ ಮಗು. ಹತ್ತನೆಯ ವಯಸ್ಸಿಗೆ ಕಾಲಿಡುವ ಹೊತ್ತಿಗೆ ಅವಳ ಆರೋಗ್ಯ ಕೆಟ್ಟಿತು. ತನ್ನ ರೋಗಿಷ್ಠ ದೇಹದ ದೋಷವೇ ಮಕ್ಕಳಿಗೆ ಇಳಿದಿದೆಯೋ, ಹತ್ತಿರದ ಸಂಬಂಧದ ಮದುವೆ ಕಾರಣವೋ ಎಂಬ ಭಯ ಡಾರ್ವಿನ್ನನನ್ನು ಕಾಡಿತು. 1851ರ ಮಾರ್ಚಿಯಲ್ಲಿ ಮಗುವನ್ನು ಮಾಲ್ವರ್ನ್ ಎಂಬ ಊರಿಗೆ ಜಲಚಿಕಿತ್ಸೆಗಾಗಿ ಕರೆದೊಯ್ದರು.

ಡೌನ್ ಹೌಸಿನ ಕಥೆಯ ಅರ್ಧ ಭಾಗ ಆ ಮಾಲ್ವರ್ನಿನಲ್ಲಿದೆ. ಅದು ಇಂಗ್ಲೆಂಡಿನ ಪಶ್ಚಿಮದ ಕಡೆ, ಬಯಲಿನಿಂದ ಹಠಾತ್ತನೆ ಎದ್ದು ನಿಂತ ಗುಡ್ಡಗಳ ಮಗ್ಗುಲಿಗೆ ಅಂಟಿಕೊಂಡ ಊರು. ಗುಡ್ಡದ ಒರತೆಗಳ ನೀರಿಗೆ ಅಲ್ಲಿ ಬಹಳ ಹೆಸರು. ಡಾಕ್ಟರ್ ಗಲ್ಲಿ ಎಂಬವರು ಅಲ್ಲಿ ತಣ್ಣೀರಿನ ಚಿಕಿತ್ಸೆ ನಡೆಸುತ್ತಿದ್ದರು. 1849ರಲ್ಲಿ ಡಾರ್ವಿನ್ ತಾನೇ ಅದರಿಂದ ಗುಣ ಕಂಡಿದ್ದ. ಆದರೆ ಆ್ಯನಿಗೆ ಜ್ವರ ಏರಿತು, ವಾಂತಿ ನಿಲ್ಲಲಿಲ್ಲ. ಎಮ್ಮ ಆಗ ತುಂಬು ಗರ್ಭಿಣಿ, ಪ್ರಯಾಣ ಮಾಡುವಂತಿರಲಿಲ್ಲ. ಏಪ್ರಿಲ್ 17ರಂದು ತಂದೆಯೊಬ್ಬನೇ ಧಾವಿಸಿ ಬಂದ. ಮಗಳ ಹಾಸಿಗೆಯ ಪಕ್ಕದಿಂದ ಹೆಂಡತಿಗೆ ದಿನದಿನವೂ ಕಾಗದ ಬರೆದ. ಒಂದು ದಿನ ಆಸೆ, ಮರುದಿನ ನಿರಾಶೆ. ಕ್ರಿಸ್ತನು ಸತ್ತು ಎದ್ದುಬಂದನೆಂದು ಇಗರ್ಜಿಯ ಗಂಟೆಗಳು ಮೊಳಗುವ ಈಸ್ಟರ್ ಹಬ್ಬ ಆ ವರ್ಷ ಏಪ್ರಿಲ್ 20ಕ್ಕೆ ಬಿತ್ತು. ಏಪ್ರಿಲ್ 23ರ ಮಧ್ಯಾಹ್ನ ಆ್ಯನಿ ಕೊನೆಯುಸಿರೆಳೆದಳು.

ಮಾಲ್ವರ್ನಿನ ಪುರಾತನ ಪ್ರಯರಿ ಇಗರ್ಜಿಯ ಅಂಗಳದಲ್ಲಿ ಇಂದಿಗೂ ಅವಳ ಸಮಾಧಿಶಿಲೆಯಿದೆ. ಹೆಸರು, ಹುಟ್ಟಿದ ದಿನ, ಸತ್ತ ದಿನ, ಕೊನೆಗೆ ಅಕ್ಕರೆಯ ಒಳ್ಳೆಯ ಮಗುವೆಂಬ ಒಂದು ಮಾತು. ಅಷ್ಟೇ. ತಂದೆ ಆ ಶವಸಂಸ್ಕಾರಕ್ಕೆ ನಿಲ್ಲಲಿಲ್ಲ. ಹೆರಿಗೆಗೆ ಹತ್ತಿರವಾಗಿದ್ದ ಹೆಂಡತಿಯ ಬಳಿಗೆ ಓಡಿದ. ಮೇ 13ರಂದು ಹೊರೇಸ್ ಎಂಬ ಗಂಡುಮಗು ಹುಟ್ಟಿತು.

ಮಗಳು ಸತ್ತ ಒಂದು ವಾರಕ್ಕೆ ಡಾರ್ವಿನ್ ಅವಳ ನೆನಪನ್ನು ಕೆಲವು ಪುಟಗಳಲ್ಲಿ ಬರೆದಿಟ್ಟ. ಅವಳ ನಗು, ಅವಳ ಕುಣಿತ, ನಸ್ಯ, ಮರಳುಹಾದಿ ಎಲ್ಲವೂ ಅದರಲ್ಲಿವೆ. ಮುಂದಿನ ಲೋಕದಲ್ಲಿ ಅವಳನ್ನು ಕಾಣುವೆನೆಂಬ ಮಾತು ಮಾತ್ರ ಇಲ್ಲ. ತಾವು ಅವಳನ್ನು ಎಷ್ಟು ಪ್ರೀತಿಸುತ್ತೇವೆಂಬುದು ಈಗ ಅವಳಿಗೆ ತಿಳಿಯುವಂತಿದ್ದರೆ, ಎಂದು ಹಂಬಲಿಸುತ್ತಾನೆ; ತಿಳಿಯುತ್ತದೆಂದು ಹೇಳುವುದಿಲ್ಲ. ಕೊನೆಗೆ ಒಂದು ಆಶೀರ್ವಾದ. ಸುಳ್ಳು ಸಮಾಧಾನವನ್ನು ತನಗೂ ಹೇಳಿಕೊಳ್ಳದವನ ಬರಹವದು.

ಎಮ್ಮ ಮಗಳ ಬರವಣಿಗೆಯ ಪುಟ್ಟ ಪೆಟ್ಟಿಗೆಯನ್ನು ಮುಚ್ಚಿ ಎತ್ತಿಟ್ಟಳು. ಲೇಖನಿ, ಅರಗು, ಕಾಗದ, ಜೊತೆಗೆ ಒಂದು ಎಳೆ ಕೂದಲು. ತಲೆಮಾರುಗಳ ಬಳಿಕ ಡಾರ್ವಿನ್ನನ ಮರಿಮಗನ ಮಗನಾದ ರ‍್ಯಾಂಡಲ್ ಕೇನ್ಸ್ ಅದನ್ನು ಮನೆಯ ಹಳೆಯ ವಸ್ತುಗಳಲ್ಲಿ ಕಂಡು, 2001ರಲ್ಲಿ ಅದರ ಸುತ್ತ ಒಂದು ಪುಸ್ತಕವನ್ನೇ ಬರೆದರು. ಡೌನ್ ಹೌಸಿಗೆ ಬರುವ ತಾಯಂದಿರು ಬಹಳ ಹೊತ್ತು ನಿಲ್ಲುವುದು ಸೂಕ್ಷ್ಮದರ್ಶಕದ ಮುಂದಲ್ಲ, ಈ ಪೆಟ್ಟಿಗೆಯ ಮುಂದೆ.

ಆ್ಯನಿಯ ಸಾವಿನಿಂದಲೇ ತಾನು ನಂಬಿಕೆ ತೊರೆದೆನೆಂದು ಡಾರ್ವಿನ್ ತನ್ನ ಆತ್ಮಕಥೆಯಲ್ಲಿ ಬರೆಯಲಿಲ್ಲ. ದೇವರ ಮೇಲೆ ಮುನಿಸಿಕೊಂಡವನ ನಾಸ್ತಿಕತೆ ಅವನದಲ್ಲ. ಅಪನಂಬಿಕೆ ಬಹಳ ನಿಧಾನವಾಗಿ ತನ್ನನ್ನು ಆವರಿಸಿತೆಂದೂ, ಅಷ್ಟು ನಿಧಾನವಾಗಿ ಬಂದುದರಿಂದ ತನಗೆ ನೋವೇ ಆಗಲಿಲ್ಲವೆಂದೂ 1876ರಲ್ಲಿ ಮನೆಯವರಿಗಾಗಿ ಬರೆದ ಆ ಕಥೆಯಲ್ಲಿ ಹೇಳುತ್ತಾನೆ. ಕಾರಣಗಳನ್ನು ಒಂದೊಂದಾಗಿ ಎಣಿಸುತ್ತಾನೆ. ದೇವರು ಇಂದು ಹಿಂದೂಗಳಿಗೆ ದರ್ಶನ ಕೊಡುವುದಾದರೆ ವಿಷ್ಣುಶಿವರ ನಂಬಿಕೆಯೊಡನೆ ಅದನ್ನು ಹೆಣೆಯಲು ಒಪ್ಪುವನೇ ಎಂದು ತನ್ನನ್ನೇ ಕೇಳಿಕೊಂಡು, ಹಳೆಯ ಒಡಂಬಡಿಕೆಯೊಡನೆ ಹೆಣೆದುಕೊಂಡ ಕ್ರೈಸ್ತಮತದ ವಿಷಯದಲ್ಲಿಯೂ ಅದೇ ಪ್ರಶ್ನೆ ಏಳುತ್ತದೆಂದು ಕಾಣುತ್ತಾನೆ. ಪವಾಡಗಳಿಗೆ ತಕ್ಕ ಸಾಕ್ಷ್ಯ ಅವನಿಗೆ ಸಿಗಲಿಲ್ಲ. ಬ್ರೆಜಿಲಿನ ಕಾಡಿನಲ್ಲಿ ಉಕ್ಕಿದ ಆ ಭಾವವೂ ಮತ್ತೆ ಬರಲಿಲ್ಲ. ಬಣ್ಣಗಳನ್ನು ಕಾಣಲಾರದ ಕಣ್ಣಿನವನಂತೆ ತಾನಾಗಿದ್ದೇನೆಂದು ಒಪ್ಪಿಕೊಳ್ಳುತ್ತಾನೆ.

ಇನ್ನೊಂದು ಕಾರಣ ಪ್ರಕೃತಿಯ ಕ್ರೌರ್ಯ. ಇಕ್ನ್ಯೂಮನ್ ಎಂಬ ಜಾತಿಯ ಕಣಜವು ಬದುಕಿರುವ ಕಂಬಳಿಹುಳುವಿನೊಳಗೆ ಮೊಟ್ಟೆಯಿಡುತ್ತದೆ. ಹೊರಬಂದ ಮರಿಗಳು ಆ ಹುಳುವನ್ನು ಜೀವಂತವಾಗಿಯೇ ಒಳಗಿನಿಂದ ತಿನ್ನುತ್ತವೆ. ಕರುಣಾಳುವೂ ಸರ್ವಶಕ್ತನೂ ಆದ ದೇವರು ಬೇಕೆಂದೇ ಇಂಥದನ್ನು ಸೃಷ್ಟಿಸಿದನೆಂದು ನಂಬಲು ತನ್ನಿಂದಾಗದೆಂದು 1860ರಲ್ಲಿ ಸಸ್ಯವಿಜ್ಞಾನಿ ಏಸಾ ಗ್ರೇಗೆ ಅವನು ಬರೆದ. ಲೋಕವೆಲ್ಲ ಬರಿಯ ಕುರುಡು ಬಲದ ಫಲವೆನ್ನಲೂ ಅದೇ ಪತ್ರದಲ್ಲಿ ಹಿಂಜರಿದ. ಈ ಆಳ ಮನುಷ್ಯಬುದ್ಧಿಗೆ ಮೀರಿದ್ದೆಂದ.

ಎಲ್ಲಕ್ಕಿಂತ ಮನೆಗೆ ಹತ್ತಿರವಾದ ಕಾರಣ ಬೇರೆಯಿತ್ತು. 1848ರಲ್ಲಿ ತೀರಿಕೊಂಡ ತಂದೆ ರಾಬರ್ಟ್ ನಂಬಿಕೆಯಿಲ್ಲದವರು. ಅಣ್ಣ ಎರಾಸ್ಮಸ್ಸನೂ ಹಾಗೆಯೇ. ನಂಬದವರಿಗೆ ನಿತ್ಯನರಕವೆಂಬ ಬೋಧನೆ ನಿಜವಾದರೆ, ತನಗೆ ಗೊತ್ತಿದ್ದವರಲ್ಲಿ ಅತ್ಯಂತ ಒಳ್ಳೆಯವರೆಲ್ಲ ಬೆಂಕಿಯಲ್ಲಿ ಬೇಯಬೇಕು. ಅಂಥ ಬೋಧನೆ ನಿಜವಾಗಲೆಂದು ಹಾರೈಸುವುದಾದರೂ ಹೇಗೆಂದು ಡಾರ್ವಿನ್ ಕಟುವಾಗಿ ಕೇಳಿದ. ಗಂಡ ಸತ್ತ ಮೇಲೆ ಈ ಸಾಲುಗಳು ಅಚ್ಚಾಗುವುದು ಎಮ್ಮಳಿಗೆ ಇಷ್ಟವಾಗಲಿಲ್ಲ. 1887ರಲ್ಲಿ ಮಗ ಫ್ರಾನ್ಸಿಸ್ ಪ್ರಕಟಿಸಿದ ಪುಸ್ತಕದಲ್ಲಿ ಅವನ್ನು ಬಿಟ್ಟುಬಿಡಲಾಯಿತು. ಮೊಮ್ಮಗಳು ನೋರಾ ಬಾರ್ಲೋ 1958ರಲ್ಲಿ ಪೂರ್ಣ ಪಾಠವನ್ನು ಹೊರತಂದಾಗಲೇ ಲೋಕಕ್ಕೆ ಅವು ತಿಳಿದದ್ದು.

ಹಾಗಾದರೆ ಈ ಮನೆಯಲ್ಲಿ ದಿನವೂ ಜಗಳವೇ? ಹೆಂಡತಿ ದೀಪ ಹಚ್ಚದೆ ಕಾಫಿ ಕುಡಿಯದ, ಗಂಡ ದೇವರ ಕೋಣೆಯ ಹೊಸ್ತಿಲನ್ನೇ ತುಳಿಯದ ಸಂಸಾರಗಳನ್ನು ಕಂಡವರಿಗೆ ಉತ್ತರ ಗೊತ್ತಿದೆ. ಎಮ್ಮ ಮಕ್ಕಳನ್ನು ಇಗರ್ಜಿಗೆ ಕರೆದೊಯ್ದಳು, ಚಾರ್ಲ್ಸ್ ಅಡ್ಡಬರಲಿಲ್ಲ. ಅವಳದೂ ಕುರುಡು ಆಚಾರವಾಗಿರಲಿಲ್ಲ. ತ್ರಿಮೂರ್ತಿ ತತ್ತ್ವವನ್ನು ಒಪ್ಪದ ಪಂಥದಲ್ಲಿ ಬೆಳೆದ ಅವಳು, ಉಳಿದವರೆಲ್ಲ ವೇದಿಕೆಯತ್ತ ತಿರುಗಿ ಶ್ರದ್ಧಾವಾಕ್ಯ ಹೇಳುವಾಗ ಮಕ್ಕಳೊಡನೆ ಮುಂದಕ್ಕೆ ಮುಖ ಮಾಡಿಯೇ ನಿಲ್ಲುತ್ತಿದ್ದಳು. ಊರಿನ ಪಾದ್ರಿ ಜಾನ್ ಬ್ರೋಡಿ ಇನ್ಸ್ ಡಾರ್ವಿನ್ನನ ಆಪ್ತ ಗೆಳೆಯನಾಗಿದ್ದ. ಹಳ್ಳಿಯ ಬಡವರ ಉಳಿತಾಯ ಸಂಘಕ್ಕೆ ಡಾರ್ವಿನ್ ಮೂವತ್ತು ವರ್ಷ ಖಜಾಂಚಿಯಾಗಿ ಲೆಕ್ಕ ಬರೆದ. ಗೋಪುರದ ಮೇಲಿನ ನೆರಳು ಗಡಿಯಾರದ ಗುಟ್ಟು ಇಲ್ಲಿದೆ: ಊರು ಅವನ ನಂಬಿಕೆಯನ್ನಲ್ಲ, ನಡತೆಯನ್ನು ಕಂಡಿತ್ತು.

ದುಃಖ ಆ್ಯನಿಯೊಂದಿಗೆ ಮುಗಿಯಲಿಲ್ಲ. ಹತ್ತು ಮಕ್ಕಳಲ್ಲಿ ಮೇರಿ ಎಂಬ ಶಿಶು 1842ರಲ್ಲಿ, ಈ ಮನೆಗೆ ಬಂದ ಹೊಸತರಲ್ಲಿಯೇ ಸತ್ತಿತ್ತು. ಒಂದೂವರೆ ವರ್ಷದ ಕಡೆಯ ಮಗ ಚಾರ್ಲ್ಸ್ ವೇರಿಂಗ್ 1858ರ ಜೂನ್ 28ರಂದು ಕೆಂಪುಜ್ವರಕ್ಕೆ ತುತ್ತಾದ. ಜುಲೈ 1ರಂದು ಲಂಡನ್ನಿನ ಲಿನಿಯನ್ ಸಂಘದಲ್ಲಿ ವಿಕಾಸವಾದವನ್ನು ಡಾರ್ವಿನ್ ಮತ್ತು ವಾಲೇಸರ ಹೆಸರಿನಲ್ಲಿ ಮೊದಲ ಬಾರಿ ಓದಲಾಯಿತು. ಡಾರ್ವಿನ್ ಅಲ್ಲಿರಲಿಲ್ಲ, ಅಂದು ಡೌನ್ ಇಗರ್ಜಿಯ ಅಂಗಳದಲ್ಲಿ ಮಗುವನ್ನು ಮಣ್ಣಿಗೆ ಒಪ್ಪಿಸುತ್ತಿದ್ದ.

1881ರ ಸೆಪ್ಟೆಂಬರಿನಲ್ಲಿ ಇಬ್ಬರು ಉಗ್ರ ನಾಸ್ತಿಕರು, ಎಡ್ವರ್ಡ್ ಏವ್ಲಿಂಗ್ ಮತ್ತು ಜರ್ಮನಿಯ ಲೂಡ್ವಿಗ್ ಬ್ಯೂಕ್ನರ್, ಈ ಮನೆಯಲ್ಲಿ ಊಟಕ್ಕೆ ಕುಳಿತರು. ಅದೇ ಪಂಕ್ತಿಯಲ್ಲಿ ಪಾದ್ರಿ ಇನ್ಸನೂ ಇದ್ದ. ನೀವು ನಾಸ್ತಿಕರೆಂದು ಏಕೆ ಕರೆದುಕೊಳ್ಳುತ್ತೀರೆಂದು ಅತಿಥಿಗಳನ್ನು ಡಾರ್ವಿನ್ ಕೇಳಿದ. ತನ್ನ ಗೆಳೆಯ ಹಕ್ಸ್ಲಿ ಹೊಸದಾಗಿ ಹುಟ್ಟಿಸಿದ ಅಜ್ಞೇಯತಾವಾದಿ ಎಂಬ ಹೆಸರೇ ಅವನಿಗೆ ಒಪ್ಪಿಗೆಯಾಗಿತ್ತು: ತಿಳಿಯದುದನ್ನು ತಿಳಿಯದೆಂದು ಹೇಳುವವನು. ಕ್ರೈಸ್ತ ನಂಬಿಕೆಯನ್ನು ಬಿಟ್ಟದ್ದೆಂದೆಂದರೆ, ನಲವತ್ತು ತುಂಬಿದ ಮೇಲೆ ಎಂದ. ಅವನಿಗೆ ನಲವತ್ತು ತುಂಬಿದ್ದು 1849ರಲ್ಲಿ; ತಂದೆ ಸತ್ತದ್ದು ಅದರ ಹಿಂದಿನ ವರ್ಷ, ಆ್ಯನಿ ಸತ್ತದ್ದು ಎರಡು ವರ್ಷಗಳ ಬಳಿಕ.

ಮರುವರ್ಷವೇ ಅವನ ಸರದಿ ಬಂತು. ಸಾಯಲು ತನಗೆ ಭಯವಿಲ್ಲವೆಂದು ಎಮ್ಮಳಿಗೆ ಹೇಳಿದ. ಅವಳು ಎಂಥ ಒಳ್ಳೆಯ ಹೆಂಡತಿಯಾಗಿದ್ದಳೆಂಬುದನ್ನು ನೆನಪಿಡೆಂದ. ಕೊನೆಗಾಲದಲ್ಲಿ ಅವನು ಪಶ್ಚಾತ್ತಾಪಪಟ್ಟು ಮತಕ್ಕೆ ಮರಳಿದನೆಂದು ಲೇಡಿ ಹೋಪ್ ಎಂಬಾಕೆ ಹೇಳಿದ ಕಥೆ 1915ರಲ್ಲಿ ಅಮೆರಿಕದಲ್ಲಿ ಅಚ್ಚಾಯಿತು. ಈಗಲೂ ಅಲ್ಲಲ್ಲಿ ಕೇಳಿಬರುತ್ತದೆ. ಹಾಸಿಗೆಯ ಬಳಿಯಲ್ಲಿದ್ದ ಮಗಳು ಹೆನ್ರಿಯೆಟಾ, ಅದರಲ್ಲಿ ಹುರುಳಿಲ್ಲವೆಂದು 1922ರಲ್ಲಿ ಸ್ಪಷ್ಟವಾಗಿ ತಿಳಿಸಿದಳು.

ಡೌನ್ ಹಳ್ಳಿಯ ಮಣ್ಣಿನಲ್ಲಿಯೇ, ಅಣ್ಣ ಎರಾಸ್ಮಸ್ಸನ ಮತ್ತು ಮಕ್ಕಳ ಬಳಿಯಲ್ಲಿ ಮಲಗಬೇಕೆಂಬುದು ಡಾರ್ವಿನ್ನನ ಆಸೆ. ದೇಶ ಅದಕ್ಕೆ ಒಪ್ಪಲಿಲ್ಲ. 1882ರ ಏಪ್ರಿಲ್ 26ರಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ, ನ್ಯೂಟನ್ನನ ಸಮಾಧಿಗೆ ಸಮೀಪದಲ್ಲಿ, ಅವನನ್ನು ಹೂಳಿದರು. ಎಮ್ಮ ಆ ವೈಭವಕ್ಕೆ ಹೋಗದೆ ಮನೆಯಲ್ಲಿಯೇ ಉಳಿದಳು. 1896ರಲ್ಲಿ ತೀರಿಕೊಂಡಾಗ ಅವಳನ್ನು ಈ ಹಳ್ಳಿಯ ಇಗರ್ಜಿಯ ಅಂಗಳದಲ್ಲಿ ಸಮಾಧಿ ಮಾಡಿದರು. ಹೀಗೆ ನಂಬದವನು ಮಹಾಮಂದಿರದ ಕಲ್ಲುಹಾಸಿನ ಕೆಳಗೆ. ನಂಬಿದವಳು ಬಯಲಿನಲ್ಲಿ, ಮಳೆಗೆ ಬಿಸಿಲಿಗೆ. ಹತ್ತು ವರ್ಷದ ಮಗಳು ದೂರದ ಮಾಲ್ವರ್ನಿನ ಗುಡ್ಡದ ಮಗ್ಗುಲಲ್ಲಿ.

ಎಮ್ಮ ನಂಬಿದ್ದು ನಿಜವಾದರೆ ಈ ದೂರಗಳು ಲೆಕ್ಕಕ್ಕಿಲ್ಲ. ಚಾರ್ಲ್ಸನಿಗೆ ಅನಿಸಿದ್ದು ನಿಜವಾದರೆ ಅವರ ಕೂಟವೆಲ್ಲ ಈ ಮನೆಯಲ್ಲಿ ಕಳೆದ ವರ್ಷಗಳಲ್ಲಿಯೇ ಮುಗಿದಿದೆ. ಎರಡರಲ್ಲಿ ಯಾವುದು ಸರಿಯೆಂದು ಪ್ರವಾಸಿಗರು ತೀರ್ಪು ಕೊಡಬೇಕಾಗಿಲ್ಲ. ಆ ವರ್ಷಗಳ ಒಂದು ದಿನವನ್ನೂ ಅವರಿಬ್ಬರು ಅಗ್ಗವಾಗಿ ಕಳೆಯಲಿಲ್ಲವೆಂಬುದು ಮಾತ್ರ ಇಲ್ಲಿ ಕಣ್ಣಿಗೆ ಕಾಣುತ್ತದೆ. ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿರುವವರು ಮತ್ತೊಮ್ಮೆ ಮರಳುಹಾದಿಗೆ ಹೋಗಿ ಒಂದು ಸುತ್ತು ಬರುತ್ತಾರೆ. ಚಿಕ್ಕ ಮಕ್ಕಳಿದ್ದರೆ ದೊಡ್ಡವರ ಕೈ ಬಿಡಿಸಿಕೊಂಡು ಮುಂದೆ ಓಡುತ್ತವೆ.